ಕಟಿಂಗ್ ಟೇಬಲ್ ಮೇಲೆ ಕಟ್ಟಿದ ಕಂಪ್ಯೂಟರ್

ಪಟ್ಟಂದೂರು ಅಗ್ರಹಾರದ ಮೆಟ್ರೊ ನಿಲ್ದಾಣದ ಎಸ್ಕಲೇಟರಿನಲ್ಲಿ, ತನಗಿಂತ ಎರಡು ಮೆಟ್ಟಿಲು ಮೇಲೆ ನಿಂತಿದ್ದ ಹೆಂಗಸಿನ ಬೆನ್ನ ಮೇಲೆ ಶೈಲಾ ತನ್ನ ಕ್ರೇನನ್ನು ನೋಡಿದಳು.

ನೀಲಿ ಬ್ಲೌಸು, ನಡುಬೆನ್ನಿಗೆ ಬಿಳಿ ದಾರದ ಕಸೂತಿ. ದೂರದಿಂದ ನೋಡಿದವರು ಗೋಪುರ ಅಂದುಕೊಳ್ಳಬೇಕು. ಹತ್ತಿರ ಬಂದರೆ ತುದಿಯಲ್ಲಿ ಕಳಶ ಇಲ್ಲ. ಒಂದೇ ಪಕ್ಕಕ್ಕೆ ಉದ್ದನೆಯ ಕೈ ಚಾಚಿಕೊಂಡಿದೆ, ಆ ಕೈಯಿಂದ ಒಂದು ಕೊಕ್ಕೆ ಇಳಿಬಿದ್ದಿದೆ. ಶೈಲಾಳ ಟೈಲರಿಂಗ್ ಅಂಗಡಿಯ ಎದುರಿಗೆ ಹೊಸ ಕಟ್ಟಡ ಏಳುತ್ತಿತ್ತು. ಅದರ ನೆತ್ತಿಯ ಮೇಲೆ ವರ್ಷದಿಂದ ನಿಂತಿದ್ದ ಕ್ರೇನನ್ನು ಕಂಡು ಕಂಡು, ಒಂದು ಮಧ್ಯಾಹ್ನ ಅವಳು ಅದನ್ನು ಚೌಕಳಿ ಹಾಳೆಯ ಮೇಲೆ ಕಸೂತಿಯ ಲೆಕ್ಕದಲ್ಲಿ ಬರೆದಿದ್ದಳು. ಇನ್ನೂ ಯಾವ ಗಿರಾಕಿಗೂ ಅದನ್ನು ಹೊಲಿದು ಕೊಟ್ಟಿರಲಿಲ್ಲ.

"ಮೇಡಂ, ಈ ಬ್ಲೌಸ್ ಎಲ್ಲಿ ಮಾಡಿಸಿದ್ರಿ?"

ಹೆಂಗಸು ಖುಷಿಯಿಂದಲೇ ತಿರುಗಿದಳು. "ಹೂಡೀಲಿ ಒಂದು ಬೊಟೀಕ್ ಇದೆ. ಚೆನ್ನಾಗಿದೆ ಅಲ್ವಾ?"

"ಭಾಳ ಚಂದ ಐತ್ರಿ," ಅಂದಳು ಶೈಲಾ. ಮೇಲೆ ಹೋಗಿ ರೈಲು ಹತ್ತಬೇಕಾದವಳು ಇನ್ನೊಂದು ಎಸ್ಕಲೇಟರಿನಲ್ಲಿ ಕೆಳಗಿಳಿದು ವಾಪಸು ಅಂಗಡಿಗೆ ಬಂದಳು.

ಆ ಹಾಳೆಯ ಫೋಟೊ ಅವಳ ಕೈ ಬಿಟ್ಟು ಹೋಗಿದ್ದು ಒಬ್ಬನ ಹತ್ತಿರ ಮಾತ್ರ, ಕಾಡುಗೋಡಿಯ ಅಮೋಘನ ಹತ್ತಿರ.

ಶೈಲಾಗೆ ಮೂವತ್ತೊಂಬತ್ತು ವರ್ಷ. ಗದಗ ಜಿಲ್ಲೆಯ ರೋಣದ ಕಡೆಯವಳು. ಹದಿನಾಲ್ಕು ವರ್ಷದ ಹಿಂದೆ ಗಂಡ ಸಂಗಣ್ಣನ ಜೊತೆ ಬೆಂಗಳೂರಿಗೆ ಬಂದಳು. ಸಂಗಣ್ಣ ಐಟಿ ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿ ಗಾರ್ಡ್. ಅವಳು ಮೊದಲು ಗಾರ್ಮೆಂಟ್ಸಿಗೆ ಹೋದಳು, ಆಮೇಲೆ ಬಾಡಿಗೆ ಮನೆಯ ಕೆಳಗೇ ಒಂದು ಮಳಿಗೆ ಹಿಡಿದು ಬ್ಲೌಸ್ ಹೊಲಿಯತೊಡಗಿದಳು. ಅತ್ತೆ ಮುದುಕವ್ವ ಕಲಿಸಿದ ಕಸೂತಿ ಕೈಯಲ್ಲಿತ್ತು. ಐಟಿ ಪಾರ್ಕಿನ ಹೆಣ್ಣುಮಕ್ಕಳಿಗೆ ಅದು ಹಿಡಿಸಿತು. ಆದರೆ ಒಂದು ಬ್ಲೌಸಿಗೆ ಕೈಕಸೂತಿ ಹಾಕಲು ಹತ್ತು ದಿನ ಹಿಡಿಯುತ್ತಿತ್ತು. ಹೋದ ವರ್ಷ ಪೀಣ್ಯದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಘಟಕದಿಂದ ಕಂಪ್ಯೂಟರ್ ಎಂಬ್ರಾಯ್ಡರಿ ಮಶೀನನ್ನು ಕೊಂಡು ತಂದಳು.

ಮಶೀನಿಗೆ ಚಿತ್ರ ಅರ್ಥವಾಗುವುದಿಲ್ಲ. ಸೂಜಿ ಮೊದಲು ಎಲ್ಲಿ ಬೀಳಬೇಕು, ಆಮೇಲೆ ಎಲ್ಲಿ ಬೀಳಬೇಕು ಎಂದು ಒಂದೊಂದು ಹೊಲಿಗೆಯನ್ನೂ ಹೇಳುವ ಫೈಲು ಬೇಕು. ಆ ಫೈಲು ಮಾಡಲು ಕಂಪ್ಯೂಟರು ಬೇಕು. ಶೈಲಾ ಚಿತ್ರ ಬರೆದು ಕಳಿಸುತ್ತಿದ್ದಳು, ಅಮೋಘ ಫೈಲು ಮಾಡಿ ಪೆನ್‌ಡ್ರೈವಿನಲ್ಲಿ ಕೊಡುತ್ತಿದ್ದ. ಅವನು ಅದನ್ನೇ ಊರೆಲ್ಲ ಮಾರುತ್ತಿದ್ದಾನೆ ಎಂಬುದು ಈಗ ತಿಳಿಯಿತು. ಫೋನು ಮಾಡಿದಳು.

"ಅಕ್ಕಾ, ಗೋಪುರ ಎಲ್ಲರ್ದೂ. ನಿಮ್ದು ಅಂತ ಎಲ್ಲಿ ಬರ್ದಿದೆ?" ಅಂದ ಅಮೋಘ.

"ಅದು ಗೋಪುರ ಅಲ್ಲಪಾ, ಕ್ರೇನು."

"ಆಯ್ತು, ಕ್ರೇನು. ಕ್ರೇನು ನಿಮ್ಮನೇದಾ? ನೋಡಿ, ನೀವು ಪೆನ್ಸಿಲಲ್ಲಿ ನಾಲ್ಕು ಗೆರೆ ಎಳೀತೀರ. ಅದನ್ನ ಹೊಲಿಗೆ ಮಾಡೋದು ನಾನು. ನಾನಿಲ್ದಿದ್ರೆ ನಿಮ್ಮ ಮಶೀನು ಬರೀ ಕಬ್ಣ ಅಕ್ಕಾ, ಗುಜರಿಗೆ ಹಾಕ್ಬೇಕಾಗತ್ತೆ."

ಶೈಲಾಳ ಕಿವಿ ಬಿಸಿಯಾಯಿತು. "ಹಂಗೇನು? ಹಂಗಾದ್ರ ಇವತ್ತಿಂದ ನಿನ್ನ ಕಡೆ ನನ್ನದೊಂದು ಗೆರಿನೂ ಬರಂಗಿಲ್ಲ. ನನ್ನ ಫೈಲು ನಾನ ಮಾಡ್ಕೋತೀನಿ."

ಅವನು ನಕ್ಕಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಕಂಪ್ಯೂಟರು ಕೊಳ್ಳುವುದಕ್ಕೆ ಸಂಗಣ್ಣನ ಅಡ್ಡಿಯಿರಲಿಲ್ಲ. ಮರುದಿನವೇ ಡ್ಯೂಟಿ ಮುಗಿಸಿ ಬರುವಾಗ ಒಂದು ಶೋರೂಮಿನ ಜಾಹೀರಾತು ಹಾಳೆ ತಂದ. "ಇದರಾಗ ಒಂದು ಲ್ಯಾಪ್‌ಟಾಪ್ ಆರಿಸ್ಕೊ. ಡಬ್ಬಿ ಒಡಿ, ಬಟನ್ ಒತ್ತು, ಮುಗೀತು."

ಇಬ್ಬರೂ ಶೋರೂಮಿಗೆ ಹೋದರು. ಟೈ ಕಟ್ಟಿದ್ದ ಮಾರಾಟಗಾರ ಸಾಲಾಗಿ ತೆರೆದಿಟ್ಟಿದ್ದ ಲ್ಯಾಪ್‌ಟಾಪುಗಳ ಹತ್ತಿರ ಕರೆದೊಯ್ದ. ತೂಕ ಎಷ್ಟು ಕಡಿಮೆ, ಬಣ್ಣ ಎಷ್ಟು ಇವೆ, ಜೊತೆಗೆ ಯಾವ ಬ್ಯಾಗು ಉಚಿತ ಎಂದೆಲ್ಲ ಹೇಳಿದ. ಶೈಲಾ ಒಂದನ್ನು ಎತ್ತಿ ತಿರುವಿ ಅದರ ತಳ ನೋಡಿದಳು. ಯಾವ ಬಟ್ಟೆ ಕೈಗೆ ಬಂದರೂ ಅವಳು ಮೊದಲು ಒಳಮಗ್ಗುಲು ನೋಡುತ್ತಿದ್ದಳು.

"ಇದರ ಒಳಗ ಏನೇನ್ ಐತ್ರಿ?"

"ಎಲ್ಲಾ ಇದೆ ಮೇಡಂ."

"ಅಲ್ರಿ, ಈಗ ಸಣ್ಣ ಡಿಸೈನ್ ಮಾಡ್ತೀನಿ. ನಾಳೆ ಪೂರಾ ಸೀರಿ ಅಂಚಿನ ಡಿಸೈನ್ ಮಾಡಬೇಕಂದ್ರ ಇದಕ್ಕ ಶಕ್ತಿ ಸಾಲದಿದ್ರ, ಏನರ ಸೇರಿಸಿ ದೊಡ್ಡದು ಮಾಡಾಕ ಬರತೈತೇನು?"

"ಈ ಮಾಡಲ್ ಸೀಲ್ಡ್ ಮೇಡಂ, ಮೆಮೊರಿ ಬೋರ್ಡಿಗೇ ಅಂಟಿರತ್ತೆ. ಮೂರು ವರ್ಷ ಯೂಸ್ ಮಾಡಿ, ಆಮೇಲೆ ಎಕ್ಸ್‌ಚೇಂಜಲ್ಲಿ ಹೊಸದು ತಗೊಳ್ಳಿ."

ಶೈಲಾ ಅದನ್ನು ಮೆಲ್ಲಗೆ ಕೆಳಗಿಟ್ಟಳು. ಹೊರಗೆ ಬಂದ ಮೇಲೆ ಸಂಗಣ್ಣ ಕೇಳಿದ, "ಯಾಕ, ಬಣ್ಣ ಸೇರಲಿಲ್ಲೇನು?"

"ರೆಡಿಮೇಡ್ ಬ್ಲೌಸಿನಂಗ ಐತಿ. ಒಳಗ ಒಂದು ಬೆರಳು ಬಟ್ಟಿ ಬಿಟ್ಟಿಲ್ಲ. ಮೈ ಬೆಳೀತು ಅಂದ್ರ ಬೀಸಾಕಬೇಕು. ನಾ ಅಂಗಡಿ ತೆಗೆದಾಗಿಂದ ಮಂದಿಗೆ ಅಂಥಾದ್ದು ತಗೋಬ್ಯಾಡ್ರಿ ಅಂತ ಹೇಳ್ಕೋತ ಬಂದೇನಿ, ಈಗ ನಾನ ತಗೊಳ್ಲೇನು?"

"ಮತ್ತ?"

"ಬಿಡಿ ಸಾಮಾನು ತಂದು ನಾನ ಕಟ್ತೀನಿ. ಮೊಬೈಲಿನಾಗ ಕನ್ನಡದಾಗನ ತೋರಸ್ತಾರ, ನೋಡೇನಿ."

ಸಂಗಣ್ಣ ರಸ್ತೆಯಲ್ಲೇ ನಿಂತುಬಿಟ್ಟ. "ಹುಚ್ಚು ಹಿಡಿದೈತೇನು? ದಿನಾ ಗೇಟಿನಾಗ ಸಾವಿರ ಲ್ಯಾಪ್‌ಟಾಪ್ ಚೆಕ್ ಮಾಡ್ತೀನಿ ನಾನು. ಇಂಜಿನಿಯರ್ ಆದವರು ತರೂವು. ಒಬ್ಬರರ ನಾನ ಕಟ್ಟೇನಿ ಅಂತ ಹೆಗಲಿಗೆ ಹಾಕ್ಕೊಂಡು ಬಂದದ್ದು ನೋಡಿಲ್ಲ. ನೀ ಎಂಟನೇ ಇಯತ್ತೆ ಓದಿದಾಕಿ."

"ಎಂಬ್ರಾಯ್ಡರಿ ಮಶೀನ್ ಕೆಟ್ಟಾಗ ಏನಾತು, ಮರ್ತ್ರೇನು? ಮೆಕ್ಯಾನಿಕ್ ಎಂಟು ದಿನ ಬರಲಿಲ್ಲ. ಕಡೀಕ ಬಿಚ್ಚಿದವರು ಯಾರು?"

ಬಿಚ್ಚಿದವಳು ಅವಳೇ. ಒಳಗೆ ಸಿಕ್ಕಿಕೊಂಡಿದ್ದ ದಾರದ ಉಂಡೆ ತೆಗೆದು, ಎಣ್ಣೆ ಬಿಟ್ಟು, ಮುಚ್ಚಿದ್ದಳು. ಅಲ್ಲಿಂದೀಚೆಗೆ ಮೆಕ್ಯಾನಿಕ್ಕಿನ ನಂಬರು ಹುಡುಕುವ ಪ್ರಸಂಗ ಬಂದಿರಲಿಲ್ಲ. ಸಂಗಣ್ಣನಿಗೆ ಅದು ಗೊತ್ತಿತ್ತು. ಆದರೂ ಮನೆಯವರೆಗೆ ಗೊಣಗುತ್ತಲೇ ಬಂದ. ವಿಚಾರಿಸಿ ನೋಡಿದರೆ ಎರಡಕ್ಕೂ ಬೆಲೆ ಹೆಚ್ಚುಕಡಿಮೆ ಒಂದೇ ಆಗುತ್ತಿತ್ತು, ಹಾಗಾಗಿ ದುಡ್ಡಿನ ಮಾತೆತ್ತಿ ಅವಳನ್ನು ತಡೆಯಲೂ ಆಗಲಿಲ್ಲ.

ಅದೇ ವಾರ ಶರಣ್ಯ ಬಂದಳು. ಐಟಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರು, ಶೈಲಾಳ ಹಳೆಯ ಗಿರಾಕಿ. ರಾಜ್ಯೋತ್ಸವಕ್ಕೆ ಅವರ ಆಫೀಸಿನ ಹದಿನಾಲ್ಕು ಹೆಣ್ಣುಮಕ್ಕಳು ಕೋಲಾಟ ಆಡುವವರಿದ್ದರು. ಹದಿನಾಲ್ಕು ಜನಕ್ಕೂ ಒಂದೇ ತರಹದ, ಬೆನ್ನಿಗೆ ಕಸೂತಿಯಿರುವ ಬ್ಲೌಸು ಬೇಕಿತ್ತು. ಎರಡು ತಿಂಗಳ ಸಮಯವಿತ್ತು.

"ಆಗತೈತ್ರಿ. ಆದ್ರ ಫೈಲು ನಾನ ಮಾಡಾಕಿ," ಅಂದು ಶೈಲಾ ತನ್ನ ಯೋಚನೆ ಹೇಳಿದಳು.

ಶರಣ್ಯ ಹುಬ್ಬೇರಿಸಿದಳು. "ನನ್ನ ಕೇಳಿದ್ರೆ ಲ್ಯಾಪ್‌ಟಾಪೇ ತಗೊಳ್ಳಿ ಶೈಲಕ್ಕ. ತಲೆನೋವಿಲ್ಲ. ಕೈಕೊಟ್ರೆ ಸರ್ವಿಸ್ ಸೆಂಟರಿಗೆ ಕೊಟ್ಟರಾಯ್ತು."

"ನಿಮ್ಮದು ಯಾವತ್ತರ ಬಿಚ್ಚಿ ನೋಡೀರೇನ್ರಿ?"

ಶರಣ್ಯ ನಕ್ಕಳು. "ಇಲ್ಲ. ಹನ್ನೊಂದು ವರ್ಷದಿಂದ ಅದರ ಮುಂದೇನೇ ಕೂತಿದೀನಿ, ಒಳಗೆ ಹೇಗಿರತ್ತೆ ಅಂತ ಒಂದ್ಸಲಾನೂ ನೋಡಿಲ್ಲ."

ಹೋಗುವ ಮುಂಚೆ ಅವಳು ಒಂದು ಉಪಕಾರ ಮಾಡಿದಳು. ಹೊಲಿಗೆ ಫೈಲು ಮಾಡುವ, ಯಾರು ಬೇಕಾದರೂ ಬಳಸಬಹುದಾದ ಒಂದು ಸಾಫ್ಟ್‌ವೇರನ್ನು ಫೋನಿನಲ್ಲೇ ಹುಡುಕಿ ತೋರಿಸಿದಳು. ಅದನ್ನು ಮಾಡಿದವರು ಎಲ್ಲೆಲ್ಲೋ ಇರುವ ಹವ್ಯಾಸಿಗಳಂತೆ. ಕಾಸಿಲ್ಲದೆ ಹಂಚುತ್ತಾರಂತೆ. "ಕಂಪ್ಯೂಟರ್ ಆನ್ ಆಗ್ಲಿ, ನಾನೇ ಬಂದು ಹಾಕ್ಕೊಡ್ತೀನಿ," ಅಂದಳು. 'ಆನ್ ಆದರೆ ತಾನೆ' ಅನ್ನುವ ಧಾಟಿ ಅವಳ ದನಿಯಲ್ಲಿತ್ತು. ಶೈಲಾ ಅದನ್ನು ಕೇಳಿಯೂ ಕೇಳದವಳಂತೆ ಅವಳ ಅಳತೆ ತೆಗೆದುಕೊಂಡಳು.

ಸಂಗಣ್ಣನ ವಾರದ ರಜೆಯಂದು ಗಂಡ ಹೆಂಡತಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದರು. ಲೈನಿಂಗ್ ಬಟ್ಟೆಗೂ ದಾರಕ್ಕೂ ಶೈಲಾ ತಿಂಗಳಿಗೊಮ್ಮೆ ಬರುತ್ತಿದ್ದ ಜಾಗ ಅದು. ಅಲ್ಲಿಂದ ಎಸ್.ಪಿ. ರೋಡಿಗೆ ನಡೆದರು. ಬೇಕಾದ ಬಿಡಿಭಾಗಗಳ ಪಟ್ಟಿಯನ್ನು ಅವಳು ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದಳು. ಮೂರು ಅಂಗಡಿ ಹತ್ತಿ ಇಳಿದ ಮೇಲೆ ನಾಲ್ಕನೆಯವನು ಅವಳ ಪಟ್ಟಿಯನ್ನು ಪೂರ್ತಿ ಓದಿದ.

"ಯಾರು ಬರ್ಕೊಟ್ಟಿದ್ದು ಮೇಡಂ?"

"ನಾನ ಬರದೇನಿ."

"ಸರಿಯಾಗೇ ಇದೆ." ಅವನು ಮದರ್‌ಬೋರ್ಡು, ಪ್ರೊಸೆಸರು, ಮೆಮೊರಿ ಪಟ್ಟಿ, ಡಿಸ್ಕು, ಕರೆಂಟು ಕೊಡುವ ಡಬ್ಬಿ, ಇವನ್ನೆಲ್ಲ ತುಂಬಿಸುವ ಕ್ಯಾಬಿನೆಟ್ಟು, ದೊಡ್ಡದೊಂದು ಪರದೆ ತೆಗೆದಿಟ್ಟ. "ಅರ್ಧ ಗಂಟೆ ಕೂತ್ಕೊಳ್ಳಿ, ನಮ್ಮ ಹುಡುಗನೇ ಫಿಟ್ ಮಾಡ್ಕೊಡ್ತಾನೆ."

"ಬ್ಯಾಡ್ರಿ. ಮನ್ಯಾಗ ನಾನ ಮಾಡ್ಕೋತೀನಿ."

"ಮಾಡಿಸ್ಕೊ," ಅಂದ ಸಂಗಣ್ಣ ಪಕ್ಕದಿಂದ.

"ಬ್ಯಾಡ. ಬ್ಯಾರೆಯವರು ಮುಚ್ಚಿದ್ದನ್ನ ನಾಳೆ ಬಿಚ್ಚಾಕ ಮತ್ತ ಅವರನ್ನ ಕರಿಬೇಕು."

ಅಂಗಡಿಯವನು ಭುಜ ಹಾರಿಸಿದ. "ನಿಮ್ಮಿಷ್ಟ. ಆದ್ರೆ ಒಂದು ಮಾತು. ಪಿನ್ನು ಬಾಗಿಸಿ, ಬೋರ್ಡು ಸುಟ್ಟು ತಂದ್ರೆ ನಾನು ವಾಪಸ್ ತಗೊಳ್ಳಲ್ಲ."

ವಾಪಸು ಬರುವಾಗ ರೈಲಿನಲ್ಲಿ ಸಂಗಣ್ಣ ಕ್ಯಾಬಿನೆಟ್ಟಿನ ದೊಡ್ಡ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ.

ಭಾನುವಾರ ಬೆಳಿಗ್ಗೆ ಶೈಲಾ ಕಟಿಂಗ್ ಟೇಬಲ್ಲನ್ನು ಖಾಲಿ ಮಾಡಿ ಒರೆಸಿದಳು. ಬಳೆ ಬಿಚ್ಚಿಟ್ಟಳು. ಮೊಬೈಲನ್ನು ದಾರದ ಡಬ್ಬಿಗೆ ಒರಗಿಸಿ ನಿಲ್ಲಿಸಿ, ವಿಡಿಯೊ ಒಂದಿಷ್ಟು ನೋಡುವುದು, ನಿಲ್ಲಿಸುವುದು, ಅಷ್ಟನ್ನು ಮಾಡುವುದು, ಹೀಗೆ ಶುರುಮಾಡಿದಳು. ಪ್ರೊಸೆಸರನ್ನು ಕೂರಿಸುವಾಗ ಮೂಲೆಯ ಗುರುತಿಗೆ ಗುರುತು ಸೇರಿಸಿದಳು. ಕಾಲರಿನ ನಡುವಿನ ಗುರುತನ್ನು ಕುತ್ತಿಗೆಯ ಗುರುತಿಗೆ ಕೂಡಿಸುವುದಕ್ಕಿಂತ ಅದು ಕಷ್ಟವಾಗಿರಲಿಲ್ಲ. ಮೆಮೊರಿ ಪಟ್ಟಿಯನ್ನು ಅದರ ಸಂದಿಗೆ ಇಳಿಸುವಾಗ ಅಂಗಡಿಯವನ ಮಾತು ನೆನಪಾಗಿ ಕೈ ಹಿಂಜರಿಯಿತು. ಮುರಿದೀತು ಎಂದು ಮೆಲ್ಲಗೆ ಒತ್ತಿ ಬಿಟ್ಟಳು. ಪಕ್ಕದಲ್ಲಿ ಇನ್ನೊಂದು ಸಂದಿ ಖಾಲಿಯಿತ್ತು. ಅದರ ಮೇಲೆ ಒಮ್ಮೆ ಬೆರಳಾಡಿಸಿದಳು. ಮುಂದೆ ಬೇಕಾದಾಗ ಇನ್ನೊಂದು ಪಟ್ಟಿ ಅಲ್ಲಿ ಕೂರುತ್ತದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಸಂಗಣ್ಣ ಮೇಲಿಂದ ಇಳಿದು ಬಂದು ಬಾಗಿಲಲ್ಲಿ ನಿಂತ. ಶೈಲಾ ಸ್ವಿಚ್ಚು ಹಾಕಿ ಬಟನ್ ಒತ್ತಿದಳು.

ಫ್ಯಾನು ತಿರುಗಿತು. ಬೋರ್ಡಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹಳದಿ ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಆರಿಸಿ ಹಾಕಿದಳು, ಇನ್ನೊಮ್ಮೆ ಆರಿಸಿ ಹಾಕಿದಳು. ಪರದೆ ಬೆಳಗಲಿಲ್ಲ.

"ಹೇಳಿದ್ದಿಲ್ಲೇನು ನಾನು?" ಅಂದ ಸಂಗಣ್ಣ. ಸಿಟ್ಟಿಗಿಂತ ಅವನ ದನಿಯಲ್ಲಿ ಅವಮಾನ ಹೆಚ್ಚಿತ್ತು. "ನಾಳೆ ಗೇಟಿನಾಗ ಎಲ್ಲಾರೂ ಕೇಳ್ತಾರ. ಹೆಂಡ್ತಿ ಕಂಪ್ಯೂಟರ್ ಕಟ್ಟಾಕತ್ತಾಳ ಅಂತ ಹೇಳಿಬಿಟ್ಟೇನಿ."

ಹಾಗೆ ಹೇಳಿಕೊಂಡಿದ್ದಾನೆ ಎಂಬುದು ಶೈಲಾಗೆ ಗೊತ್ತಿರಲಿಲ್ಲ. "ಕಟ್ಟಾಕತ್ತಾಳ ಅಂತನ ಹೇಳ್ರಿ. ಇನ್ನೂ ಮುಗಿದಿಲ್ಲ," ಅಂದಳು. ಅವತ್ತು ಮತ್ತೆ ಅದನ್ನು ಮುಟ್ಟಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಅಮೋಘ ಬಂದ. ಮೂರು ವಾರದಿಂದ ಅವಳಿಂದ ಕೆಲಸ ಬಂದಿರಲಿಲ್ಲ, ಹದಿನಾಲ್ಕು ಬ್ಲೌಸಿನ ಸುದ್ದಿ ಹೇಗೋ ಅವನ ಕಿವಿಗೆ ಬಿದ್ದಿತ್ತು. ಒಳಗೆ ಬಂದವನು ಟೇಬಲ್ಲಿನ ಮೇಲೆ ಹೊಟ್ಟೆ ತೆರೆದುಕೊಂಡು ಕೂತಿದ್ದ ಕ್ಯಾಬಿನೆಟ್ಟು ನೋಡಿ, ತಾನೇ ಕೈ ಚಾಚಿ ಬಟನ್ ಒತ್ತಿ, ಕಪ್ಪು ಪರದೆ ನೋಡಿದ.

"ಅಕ್ಕಾ, ಅಕ್ಕಾ... ಯಾಕೆ ಬೇಕಿತ್ತು ಇದೆಲ್ಲ? ಬೋರ್ಡ್ ಹೋಗಿದೆ ಅನ್ಸತ್ತೆ. ಒಂದ್ ಕೆಲ್ಸ ಮಾಡಿ, ಈ ಡಬ್ಬ ನನಗೆ ಕೊಡಿ, ಸಿಕ್ಕಷ್ಟಕ್ಕೆ ಮಾರ್ಕೊಡ್ತೀನಿ. ರಾಜ್ಯೋತ್ಸವದ ಡಿಸೈನ್ ಕೊಡಿ, ಸಂಜೆ ಒಳಗೆ ಫೈಲು ರೆಡಿ. ಹಳೇದೆಲ್ಲ ಮರೆತುಬಿಡೋಣ."

ಒಂದು ಕ್ಷಣ ಶೈಲಾಗೆ ಅದೇ ಸುಲಭದ ದಾರಿ ಅನ್ನಿಸಿತು. ರಾಜ್ಯೋತ್ಸವದ ಡಿಸೈನ್ ಬರೆದ ಚೌಕಳಿ ಹಾಳೆ ಡ್ರಾಯರಿನಲ್ಲೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಡ್ರಾಯರಿಗೆ ಬೆನ್ನು ಕೊಟ್ಟು ನಿಂತಳು.

"ನೀ ಮರೀತಿ. ನಾ ಯಾಕ ಮರೀಲಿ? ನಡಿ ಹೊರಗ."

"ಅಕ್ಕಾ, ಒಳ್ಳೇದಕ್ಕೇ ಹೇಳಿದ್ದು."

"ಒಳ್ಳೇದು ಆತು. ನಡಿ."

ಅವನು ಹೋದ ಮೇಲೆ ಬಾಗಿಲನ್ನು ಅರ್ಧ ಎಳೆದು, ಪ್ಲಗ್ಗು ಕಿತ್ತು, ನಿನ್ನೆ ಜೋಡಿಸಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಮಶೀನು ಹೊಲಿಗೆ ಬಿಟ್ಟರೆ ಅಲ್ಲಿ ಇಲ್ಲಿ ತಿರುಪು ತಿರುಗಿಸಬಾರದು, ಪೂರ್ತಿ ದಾರ ತೆಗೆದು ಮೊದಲಿನಿಂದ ಪೋಣಿಸಬೇಕು. ಅದು ಅವಳು ಗಾರ್ಮೆಂಟ್ಸಿನಲ್ಲಿ ಕಲಿತ ಮೊದಲ ಪಾಠ. ಭಾಗಗಳನ್ನು ಟೇಬಲ್ಲಿನ ಮೇಲೆ ಬಿಚ್ಚಿದ ಸಾಲಿನಲ್ಲೇ ಇಟ್ಟಳು. ಬೋರ್ಡಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ನಿನ್ನೆ ತೆರೆದೇ ಇರಲಿಲ್ಲ. ಇಂಗ್ಲಿಷಿನಲ್ಲಿತ್ತು. ಈಗ ತೆರೆದು, ಆ ಹಳದಿ ದೀಪದ ಪಕ್ಕ ಅಚ್ಚಾಗಿದ್ದ ನಾಲ್ಕು ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ, ಅದೇ ಅಕ್ಷರಗಳನ್ನು ಪುಸ್ತಿಕೆಯಲ್ಲಿ ಹಾಳೆ ಹಾಳೆಯಾಗಿ ಹುಡುಕಿದಳು. ಹದಿನೇಳನೆಯ ಪುಟದಲ್ಲಿ ಸಿಕ್ಕಿತು. ಪಕ್ಕದಲ್ಲಿ ಮೆಮೊರಿ ಪಟ್ಟಿಯ ಚಿತ್ರವಿತ್ತು. ಎರಡು ಹೆಬ್ಬೆರಳು ಅದನ್ನು ಎರಡೂ ತುದಿಯಲ್ಲಿ ಒತ್ತುತ್ತಿದ್ದವು.

ಬೋರ್ಡು ಸುಟ್ಟಿರಲಿಲ್ಲ. ಅವಳು ಹೆದರಿ ಒತ್ತಿದ್ದಳು, ಅಷ್ಟೇ.

ಪಟ್ಟಿಯನ್ನು ಸಂದಿಯ ಮೇಲೆ ನೇರ ನಿಲ್ಲಿಸಿ, ಎರಡೂ ಹೆಬ್ಬೆರಳಿಟ್ಟು, ಈ ಸಲ ಮೈಭಾರ ಬಿಟ್ಟು ಒತ್ತಿದಳು. ಬೋರ್ಡು ಬಾಗಿದಂತಾಯಿತು. ಅವಳು ಬಿಡಲಿಲ್ಲ. ಒಂದು ತುದಿಯಲ್ಲಿ ಟಕ್ ಅಂತು. ಇನ್ನೊಂದು ತುದಿಯಲ್ಲೂ ಟಕ್ ಅಂತು.

ಉಳಿದದ್ದನ್ನು ಜೋಡಿಸಲು ನಿನ್ನೆ ಅರ್ಧ ದಿನ ಹಿಡಿದಿತ್ತು, ಇವತ್ತು ಒಂದು ಗಂಟೆ ಸಾಕಾಯಿತು. ಬಟನ್ ಒತ್ತಿದಾಗ ಹಳದಿ ದೀಪ ಹತ್ತಿ ಆರಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಶೈಲಾ ಸ್ಟೂಲಿನ ಮೇಲೆ ಕುಳಿತು ಒಂದು ಚೊಂಬು ನೀರು ಕುಡಿದಳು. ಆಮೇಲೆ ಪರದೆಯ ಫೋಟೊ ತೆಗೆದು ಸಂಗಣ್ಣನಿಗೆ ಕಳಿಸಿದಳು. 'ಗೇಟಿನಾಗ ತೋರಸ್ರಿ' ಎಂದು ಕೆಳಗೆ ಬರೆದಳು.

ಕಂಪ್ಯೂಟರು ಕಟ್ಟಿದಷ್ಟು ಸುಲಭವಾಗಿ ಫೈಲು ಮಾಡುವುದು ಬರಲಿಲ್ಲ. ಶರಣ್ಯ ಮಾತು ಕೊಟ್ಟಂತೆ ಎರಡು ಸಂಜೆ ಬಂದು ಸಾಫ್ಟ್‌ವೇರ್ ಹಾಕಿ, ಮೌಸು ಹಿಡಿಯುವುದರಿಂದ ಹಿಡಿದು ಎಲ್ಲ ತೋರಿಸಿಕೊಟ್ಟಳು. ಬಂದ ಮೊದಲ ದಿನ ಅವಳು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಸಿ, ಇದೇನು, ಅದೇನು ಎಂದು ಶೈಲಾಳನ್ನೇ ಕೇಳಿ ಕೇಳಿ ನೋಡಿದಳು. ಆದರೆ ಹೊಲಿಗೆಯ ವಿಷಯದಲ್ಲಿ ಶರಣ್ಯಳಿಗೆ ಹೇಳಿಕೊಡಲು ಏನೂ ಗೊತ್ತಿರಲಿಲ್ಲ. ಶೈಲಾ ಮಾಡಿದ ಮೊದಲ ಫೈಲು ಬಟ್ಟೆಯನ್ನು ಹಪ್ಪಳದಂತೆ ಸುಕ್ಕು ಮಾಡಿತು. ಎರಡನೆಯದರಲ್ಲಿ ಸೂಜಿ ಒಂದೇ ಕಡೆ ಕುಟ್ಟಿ ಕುಟ್ಟಿ ತೂತು ಬಿತ್ತು. ಹಗಲು ಹೊಲಿಗೆಯ ನಡುವೆ ಬಿಡುವಾದಾಗಲೆಲ್ಲ ಕುಳಿತು, ಮಾಡಿ, ಕೆಡಿಸಿ, ಹದಿನೈದು ದಿನ ಕಳೆದಳು. ಪ್ರಯೋಗಕ್ಕೆ ಬಳಸಿದ ಒರಟು ಗಾಡಾ ಬಟ್ಟೆಯ ತುಂಡುಗಳು ಒಂದು ಚೀಲ ತುಂಬಿದವು.

ದಾರಿ ಸಿಕ್ಕಿದ್ದು ಅತ್ತೆಯ ಕಸೂತಿಯಲ್ಲಿ. ಅಮೋಘನ ಫೈಲಿನಲ್ಲಿ ಸೂಜಿ ಒಂದು ಗೆರೆ ಮುಗಿಸಿ ಇನ್ನೊಂದಕ್ಕೆ ಹಾರುತ್ತಿತ್ತು. ಹಾರಿದಲ್ಲೆಲ್ಲ ದಾರ ಎಳೆದುಕೊಂಡು ನಿಲ್ಲುತ್ತಿತ್ತು, ಕತ್ತರಿಸಬೇಕಿತ್ತು, ಬಟ್ಟೆಯ ಹಿಂದೆ ಗಂಟು ಉಳಿಯುತ್ತಿತ್ತು. ಮುದುಕವ್ವ ಕಲಿಸಿದ ಗವಂತಿ ಹೊಲಿಗೆಯಲ್ಲಿ ಗಂಟೇ ಇಲ್ಲ. ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಗೆರೆಯುದ್ದಕ್ಕೂ ಹೋಗಬೇಕು, ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ ಶುರುಮಾಡಿದಲ್ಲಿಗೇ ಬರಬೇಕು. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಶೈಲಾ ಚೌಕಳಿ ಹಾಳೆಯ ಮೇಲೆ ಬೆರಳಿನಿಂದ ಆ ದಾರಿ ನಡೆದು ನೋಡಿದಳು. ಎಲ್ಲಿಂದ ಹೊರಟರೆ ಎಲ್ಲಾ ಗೆರೆಯನ್ನೂ ಮುಟ್ಟಿ ಹಾರದೆ ವಾಪಸು ಬರಬಹುದು ಎಂದು ಬಾಣದ ಗುರುತು ಹಾಕಿದಳು. ಅದನ್ನೇ ಕಂಪ್ಯೂಟರಿಗೆ ಹೇಳಿದಳು. ಮಶೀನು ಶುರುವಾದರೆ ಕೊನೆಯವರೆಗೂ ಒಮ್ಮೆಯೂ ನಿಲ್ಲದೆ ಹೊಲಿಯಿತು. ಬಟ್ಟೆ ತಿರುಗಿಸಿ ನೋಡಿದಳು. ಹಿಂಬದಿಯೂ ಅಷ್ಟೇ ಚೊಕ್ಕವಾಗಿತ್ತು.

ರಾಜ್ಯೋತ್ಸವದ ಬ್ಲೌಸುಗಳು ಸಲೀಸಾಗಿ ಮುಗಿದವು ಎಂದಲ್ಲ. ಮಧ್ಯೆ ಎರಡು ದಿನ ಕರೆಂಟು ಕೈಕೊಟ್ಟಿತು. ಎರಡು ಬೆನ್ನು ಕೆಟ್ಟು ಹೊಸ ಬಟ್ಟೆ ತರಬೇಕಾಯಿತು. ಕೊನೆಗೆ ಹದಿಮೂರು ಬ್ಲೌಸಿಗೆ ಕಸೂತಿ ಬಿತ್ತು, ಹದಿನಾಲ್ಕನೆಯದಕ್ಕೆ ಹೊತ್ತು ಸಾಲಲಿಲ್ಲ. ಅದನ್ನು ಶರಣ್ಯ ತಾನೇ ಇಟ್ಟುಕೊಂಡು, ಕಸೂತಿಯಿಲ್ಲದ ಬೆನ್ನಿನಲ್ಲೇ ಕೋಲಾಟ ಆಡಿದಳು. ಶೈಲಾಗೆ ಅದು ತಿಂಗಳುಗಟ್ಟಲೆ ಚುಚ್ಚುತ್ತಿತ್ತು.

ನವೆಂಬರ್ ಎರಡನೆಯ ವಾರ ಅಮೋಘ ಮತ್ತೆ ಬಂದ. ಈ ಸಲ ಬಾಗಿಲಲ್ಲೇ ನಿಂತು ಕೇಳಿದ, "ಬರ್ಲಾ ಅಕ್ಕಾ?"

ಒಳಗೆ ಬಂದು, ಹ್ಯಾಂಗರಿನಲ್ಲಿದ್ದ ಒಂದು ಬ್ಲೌಸನ್ನು ತೆಗೆದು ಒಳಮಗ್ಗುಲು ತಿರುಗಿಸಿ ಬಹಳ ಹೊತ್ತು ನೋಡಿದ. "ಇದ್ರಲ್ಲಿ ಒಂದು ಕಡೇನೂ ದಾರ ಜಂಪ್ ಆಗಿಲ್ವಲ್ಲ. ಯಾರ ಹತ್ರ ಮಾಡಿಸಿದ್ರಿ?"

ಶೈಲಾ ಕ್ಯಾಬಿನೆಟ್ಟಿನ ಕಡೆ ಕೈ ತೋರಿಸಿದಳು.

"ಕಳ್ಳ ಸಾಫ್ಟ್‌ವೇರ್ ಹಾಕ್ಕೊಂಡಿದ್ರೆ ಹುಷಾರು ಅಕ್ಕಾ. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ..."

"ಮಾಡಸಪಾ. ಅದು ಎಲ್ಲಾರಿಗೂ ಪುಕ್ಕಟೆ ಕೊಟ್ಟದ್ದು. ನಿನಗೂ ಬೇಕಾದ್ರ ಹೆಸರು ಬರದು ಕೊಡ್ತೀನಿ."

ಅಮೋಘನ ಧಾಟಿ ಬದಲಾಯಿತು. "ಸರಿ, ನೇರವಾಗೇ ಮಾತಾಡೋಣ. ಈ ಥರ ಫೈಲು ನನಗೆ ಮಾಡ್ಕೊಡಿ. ನನ್ನ ಕಡೆ ಅಂಗಡಿಗಳಿವೆ, ನಿಮ್ಮ ಕಡೆ ಕೈ ಇದೆ. ಅರ್ಧ ಅರ್ಧ."

"ಮೊದಲ ನನ್ನ ಕ್ರೇನು ಮಾರೂದು ನಿಲ್ಲಸು."

"ಅದು ಆಗಲ್ಲ ಅಕ್ಕಾ. ಅದೇ ಈಗ ಜಾಸ್ತಿ ಓಡ್ತಿರೋದು. ಆರು ಬೊಟೀಕಿಗೆ ಹೋಗಿದೆ, ಇನ್ನೂ ಕೇಳ್ತಿದಾರೆ. ಅದನ್ನ ಬಿಟ್ಟು ಬೇರೆ ಏನಾದ್ರೂ ಹೇಳಿ."

"ಬ್ಯಾರೆ ಏನೂ ಇಲ್ಲ."

ಅವನು ಹೋದ ಮೇಲೆ ಶೈಲಾ ಕಂಪ್ಯೂಟರಿನ ಮುಂದೆ ಕುಳಿತಳು. ಡ್ರಾಯರಿನಿಂದ ಕ್ರೇನಿನ ಹಾಳೆ ತೆಗೆದು, ಅದಕ್ಕೂ ಹಾರದ ದಾರಿ ಹುಡುಕಿ, ಮೂರು ದಿನ ಕೂತು ಫೈಲು ಮಾಡಿದಳು. ಕೊಕ್ಕೆಯ ಹತ್ತಿರ ದಾರಿ ಸಿಗದೆ ಒದ್ದಾಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆಯ ಮೇಲೆ ಹೊಲಿದು ನೋಡಿದಳು. ಅಮೋಘನದ್ದಕ್ಕಿಂತ ಅರ್ಧ ಹೊತ್ತಿನಲ್ಲಿ, ಒಂದೂ ಕತ್ತರಿ ಕೆಲಸವಿಲ್ಲದೆ ಕ್ರೇನು ಮೂಡಿತು.

ವೈಟ್‌ಫೀಲ್ಡ್ ಸುತ್ತಮುತ್ತಲಿನ ಟೈಲರುಗಳದ್ದೊಂದು ವಾಟ್ಸಪ್ ಗುಂಪಿತ್ತು. ಇನ್ನೂರು ಚಿಲ್ಲರೆ ಜನ. ಯಾರ ಹತ್ತಿರ ಯಾವ ಬಣ್ಣದ ದಾರವಿದೆ, ಎಲ್ಲಿ ಮಶೀನು ಮಾರಾಟಕ್ಕಿದೆ ಎಂಬ ಮಾತು ಬಿಟ್ಟರೆ ಅಲ್ಲಿ ಬೇರೇನೂ ಬರುತ್ತಿರಲಿಲ್ಲ. ಶೈಲಾ ಆ ಗುಂಪಿಗೆ ಫೈಲನ್ನು ಹಾಕಿ ಕೆಳಗೆ ಬರೆದಳು:

'ಈ ಕ್ರೇನ್ ಡಿಸೈನ್ ಬರೆದಾಕಿ ನಾನು. ಫೈಲು ಮಾಡಿದಾಕಿನೂ ನಾನು. ಯಾರಿಗೂ ಕಾಸು ಕೊಟ್ಟು ಇದನ್ನ ತಗೋಬ್ಯಾಡ್ರಿ. ನಿಮ್ಮ ಮಶೀನಿಗೆ ಹಾಕ್ರಿ, ಹೊಲೀರಿ. ಶೈಲಾ, ಪಟ್ಟಂದೂರು ಅಗ್ರಹಾರ.'

ಮೊದಲ ಪಾಳಿ ಮುಗಿಸಿ ಬಂದ ಸಂಗಣ್ಣ ಅದನ್ನು ಓದಿ ತಲೆ ಮೇಲೆ ಕೈಯಿಟ್ಟುಕೊಂಡ. "ಅಲ್ಲಾ, ಅದಕ್ಕಂತ ಜಗಳಾ ಮಾಡಿದಿ, ಅದಕ್ಕಂತ ಕಂಪ್ಯೂಟರ್ ಕಟ್ಟಿದಿ. ಈಗ ಊರಿಗೆಲ್ಲಾ ಹಂಚಿಬಿಟ್ಟಿ?"

"ಕದ್ದವನು ಮಾರ್ಕೋತ ಕುಂದ್ರೂದಕ್ಕಿಂತ ನಾನ ಹಂಚೂದು ಚಲೋ. ಇನ್ನ ಮ್ಯಾಲೆ ಅವನ ಕಡೆ ಯಾರು ಕೊಳ್ತಾರ, ನೋಡೂಣು."

"ನಿನಗೇನ್ ಸಿಕ್ತು?"

"ಮುಂದಿಂದು ಬರೀತೀನಿ. ಅದನ್ನ ಫೈಲ್ ಮಾಡಾಕ ಯಾರ ಮನೀಗೂ ಹೋಗಬೇಕಾಗಿಲ್ಲ. ಮತ್ತೇನ್ ಸಿಗಬೇಕಾಗಿತ್ತು?"

ಸಂಗಣ್ಣನಿಗೆ ಅದು ಒಪ್ಪಿಗೆಯಾಗಲಿಲ್ಲ. ಸರಿಯಲ್ಲ, ಸರಿಯಲ್ಲ ಎನ್ನುತ್ತಲೇ ಮೇಲೆ ಊಟಕ್ಕೆ ಹೋದ.

ಮೂರು ಗಂಟೆಯಿಂದ ಫೋನು ಶುರುವಾಯಿತು. ಹೊಸಕೋಟೆಯಿಂದ ಒಬ್ಬರು, ಹೂಡಿಯಿಂದ ಇಬ್ಬರು. ಫೈಲು ಮಶೀನಿಗೆ ಹೇಗೆ ಹಾಕುವುದು, ಯಾವ ದಾರ ಬಳಸುವುದು ಎಂದು ಕೇಳುವವರು. ಬೇಗೂರಿನಿಂದ ನೀಲಾಂಬಿಕಾ ಎಂಬ ಹೆಂಗಸು ಫೋನು ಮಾಡಿ, ಕೊಕ್ಕೆಯ ಹತ್ತಿರ ದಾರ ತುಂಡಾಗುತ್ತಿದೆ ಎಂದು ದೂರಿದಳು.

"ದಾರದ ಟೆನ್ಶನ್ ಅರ್ಧ ಸುತ್ತು ಸಡಿಲ ಮಾಡ್ರಿ. ಮಾಡಿದ್ರೇನು? ಈಗ ಹೊಲೀರಿ, ನಾ ಫೋನು ಹಿಡಕೊಂಡ ಇರ್ತೀನಿ," ಅಂದಳು ಶೈಲಾ.

ಆ ಕಡೆಯಿಂದ ಮಶೀನಿನ ಸದ್ದು ಕೇಳಿಬರತೊಡಗಿತು. ನಡುವೆ ಇನ್ನೊಂದು ಕರೆ ಬರುತ್ತಿರುವ ಬೀಪ್ ಕೇಳಿ ಶೈಲಾ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಅಮೋಘ. ಮತ್ತೆ ಕಿವಿಗಿಟ್ಟುಕೊಂಡಳು. "ಹೂಂ ಹೇಳ್ರಿ, ದಾರ ಹರೀತೋ ಇಲ್ಲೋ?"